ಮನೆಯ ಕಂಪ್ಯೂಟರ್‌ನಲ್ಲಿ ಬೆಂಗಳೂರಿನಿಂದ ಲಂಡನ್: ಸಿಮ್ಯುಲೇಟರ್‌ನ ದೂರದ ಹಾರಾಟಕ್ಕೆ ಸಮಗ್ರ ಮಾರ್ಗದರ್ಶಿ

ಫ್ಲೈಟ್ ಸಿಮ್ಯುಲೇಟರ್ (ಚಿಕ್ಕದಾಗಿ ಸಿಮ್), ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ತಂತ್ರಾಂಶ, ಇಟ್ಟುಕೊಂಡವರಲ್ಲಿ ಹೆಚ್ಚಿನವರು ಬೆಂಗಳೂರು–ಮಂಗಳೂರು, ಹುಬ್ಬಳ್ಳಿ–ಗೋವಾ ಥರದ ಚಿಕ್ಕ ಹಾರಾಟಗಳಲ್ಲೇ ಉಳಿದುಬಿಡುತ್ತಾರೆ. ಹತ್ತು ಗಂಟೆಯ ಹಾರಾಟ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: ಆಟೊಪೈಲಟ್ ಹಾರಿಸುತ್ತೆ, ನಾನು ಕೂತು ಏನು ಮಾಡಲಿ? ಪ್ರಶ್ನೆ ನ್ಯಾಯವಾದದ್ದೇ. ದೂರದ ಹಾರಾಟದಲ್ಲಿ ಕೈಗೆ ಕೆಲಸ ಕಡಿಮೆ, ತಲೆಗೆ ಜಾಸ್ತಿ. ಎಷ್ಟು ಇಂಧನ ಹಾಕಬೇಕು, ಎಲ್ಲಿ ಎಷ್ಟು ಉಳಿದಿರಬೇಕು, ಯಾವಾಗ ಇನ್ನಷ್ಟು ಮೇಲಕ್ಕೆ ಏರಬೇಕು, ಈ ಲೆಕ್ಕ ಹಿಡಿದುಕೊಂಡು ಹೋಗುವುದೇ ನಿಜವಾದ ಆಟ. ಆ ಲೆಕ್ಕ ಬಿಟ್ಟರೆ ಉಳಿಯುವುದು ಸ್ಕ್ರೀನ್‌ಸೇವರ್ ಅಷ್ಟೇ.

ಈ ಬರಹಕ್ಕೆ ಬೆಂಗಳೂರು–ಲಂಡನ್ ಹೀಥ್ರೂ ಹಾರಾಟವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ವಿಮಾನ ಬೋಯಿಂಗ್ 777-300ಇಆರ್. ನಿಮ್ಮ ಊರು, ನಿಮ್ಮ ವಿಮಾನ ಬೇರೆ ಇದ್ದರೂ ವಿಧಾನ ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೀದಾ ಲಂಡನ್‌ಗೆ ಹೊರಡಬೇಡಿ. ಅದೇ ವಿಮಾನದಲ್ಲಿ ಒಮ್ಮೆ ದೆಹಲಿಗೆ, ಆಮೇಲೆ ದುಬೈಗೆ ಹೋಗಿ ಬನ್ನಿ. ದುಬೈ ನಾಲ್ಕು ಗಂಟೆಯ ದಾರಿ. ಅಲ್ಲಿಗೆ ಗಾಬರಿಯಿಲ್ಲದೆ ಇಳಿದರೆ ಲಂಡನ್ ನಿಮ್ಮದು.

ಸಿಮ್ ಮತ್ತು ವಿಮಾನ

ಈಗ ಚಾಲ್ತಿಯಲ್ಲಿರುವುದು ಮುಖ್ಯವಾಗಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020 ಮತ್ತು 2024ರ ಆವೃತ್ತಿಗಳು, ಮತ್ತು ಎಕ್ಸ್-ಪ್ಲೇನ್ 12. ದುಡ್ಡು ಹಾಕುವುದೇ ಬೇಡ ಅನ್ನುವವರಿಗೆ ಫ್ಲೈಟ್‌ಗಿಯರ್ ಇದೆ, ಪೂರ್ತಿ ಉಚಿತ. ಯಾವುದಾದರೂ ನಡೆಯುತ್ತೆ. ವಿಮಾನದ ಆಯ್ಕೆ ಮಾತ್ರ ಹಾಗಲ್ಲ.

ಸಿಮ್ ಜೊತೆಗೇ ಬರುವ ಎಷ್ಟೋ ವಿಮಾನಗಳು ನೋಡೋಕೆ ಚೆನ್ನಾಗಿರುತ್ತವೆ, ಆದರೆ ಅವುಗಳ ಎಫ್‌ಎಂಸಿ, ಅಂದರೆ ದಾರಿ ಮತ್ತು ಇಂಧನದ ಲೆಕ್ಕ ನೋಡಿಕೊಳ್ಳುವ ಕಂಪ್ಯೂಟರ್, ಅರೆಬರೆ ಇರುತ್ತದೆ. ಚಿಕ್ಕ ಹಾರಾಟದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಹತ್ತು ಗಂಟೆಯದರಲ್ಲಿ ಬೀಳುತ್ತದೆ. ಮೈಕ್ರೋಸಾಫ್ಟ್ ಸಿಮ್‌ಗೆ ಪಿಎಂಡಿಜಿಯವರ 777 ಒಳ್ಳೆಯದು, ಆದರೆ ದುಡ್ಡು ಕೊಡಬೇಕು. ಉಚಿತವಾಗಿ ಬೇಕಿದ್ದರೆ ಹೆಡ್‌ವಿಂಡ್ ತಂಡದ ಎ330-900 ಅಥವಾ ಫ್ಲೈಬೈವೈರ್ ತಂಡದ ಎ380 ಇಳಿಸಿಕೊಳ್ಳಿ. ಎರಡೂ ಲಂಡನ್‌ವರೆಗೆ ಆರಾಮಾಗಿ ಹೋಗುತ್ತವೆ. ಎಕ್ಸ್-ಪ್ಲೇನ್‌ನಲ್ಲಿ ಟೊಲಿಸ್‌ನವರ ಎ340-600 ನನಗೆ ಇಷ್ಟ, ನಾಲ್ಕು ಎಂಜಿನ್ ಅನ್ನುವ ಕಾರಣಕ್ಕೇ ಅಂದುಕೊಳ್ಳಿ.

ದಾರಿ ಹಾಕುವುದು

ಸಿಮ್‌ಬ್ರೀಫ್ ಅನ್ನುವ ಉಚಿತ ತಾಣದಲ್ಲಿ ಖಾತೆ ತೆರೆಯಿರಿ. ಹೊರಡುವ ನಿಲ್ದಾಣ ವಿಒಬಿಎಲ್ (ಬೆಂಗಳೂರಿನ ಸಂಕೇತ), ತಲುಪುವ ನಿಲ್ದಾಣ ಇಜಿಎಲ್‌ಎಲ್ (ಹೀಥ್ರೂ ಸಂಕೇತ), ವಿಮಾನದ ಮಾದರಿ, ಹೊರಡುವ ಸಮಯ ಕೊಟ್ಟರೆ ಅದು ದಾರಿ, ಇಂಧನ, ಗಾಳಿ ಎಲ್ಲ ಲೆಕ್ಕ ಹಾಕಿ ಹಾಳೆಗಟ್ಟಲೆ ಯೋಜನೆ ಕೊಡುತ್ತದೆ. ಸಮಯ ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿನ ವಿಮಾನಗಳೆಲ್ಲ ಬಳಸುವ ಒಂದೇ ಸಮಯದಲ್ಲಿ, ಹಾಕಿ. ನಮ್ಮ ಗಡಿಯಾರಕ್ಕಿಂತ ಅದು ಐದೂವರೆ ಗಂಟೆ ಹಿಂದೆ.

ದಾರಿಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ. ಭೂಗೋಳದ ಮೇಲೆ ಬೆಂಗಳೂರಿಗೂ ಲಂಡನ್‌ಗೂ ದಾರ ಎಳೆದು ಹಿಡಿದರೆ ಅದು ಬಲೂಚಿಸ್ತಾನ, ಇರಾನ್, ಅಜರ್‌ಬೈಜಾನ್, ಉಕ್ರೇನ್ ಮೇಲೆ ಹೋಗುತ್ತದೆ. ಉದ್ದ ಸುಮಾರು 4,340 ನಾಟಿಕಲ್ ಮೈಲಿ, ಅಂದರೆ 8,040 ಕಿಲೋಮೀಟರ್. ನಿಜವಾದ ವಿಮಾನಗಳಿಗೆ ಆ ದಾರಿ ಸಿಗುವುದಿಲ್ಲ. ಉಕ್ರೇನ್ ಆಕಾಶ 2022ರ ಫೆಬ್ರವರಿಯಿಂದ ಮುಚ್ಚಿದೆ. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಹಾಗಾಗಿ ಅರಬ್ಬಿ ಸಮುದ್ರ ದಾಟಿ ಒಮಾನ್, ಕೊಲ್ಲಿ, ಟರ್ಕಿ, ಆಮೇಲೆ ಬಲ್ಗೇರಿಯಾ, ಹಂಗೇರಿ, ಜರ್ಮನಿ ಕಡೆಯಿಂದ ಸುತ್ತಿ ಹೋಗುವ ದಾರಿ ಹಾಕಿ. ಸುಮಾರು 4,700 ನಾಟಿಕಲ್ ಮೈಲಿ ಅಂತ ಇಟ್ಟುಕೊಳ್ಳೋಣ.

ಸಿಮ್‌ನಲ್ಲಿ ಯಾರೂ ತಡೆಯುವುದಿಲ್ಲವಲ್ಲ, ಸೀದಾ ಹೋದರೇನು ಅನ್ನಬಹುದು. ಹೋಗಬಹುದು. ಆದರೆ ಸುತ್ತು ದಾರಿಯ ಲೆಕ್ಕ ಹಾಕುವುದರಲ್ಲಿ ಸಿಗುವ ರುಚಿ ನೇರ ಗೆರೆಯಲ್ಲಿ ಇಲ್ಲ.

ಇನ್ನೊಂದು ಸಂಗತಿ. ವಿಮಾನದ ದಾರಿಯನ್ನು ಗುರುತಿಸುವ, ಹೆಸರಿಟ್ಟ ಬಿಂದುಗಳ ಪಟ್ಟಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಇದಕ್ಕೆ ಏರಾಕ್ ಸೈಕಲ್ ಅನ್ನುತ್ತಾರೆ. ಸಿಮ್‌ಬ್ರೀಫ್‌ನ ಉಚಿತ ಖಾತೆಗೆ ಹಳೆಯ ಸೈಕಲ್ ಸಿಗುತ್ತದೆ. ನಿಮ್ಮ ವಿಮಾನದಲ್ಲಿ ಹೊಸದು ಇದ್ದರೆ ಕೆಲವು ಬಿಂದುಗಳು ಎಫ್‌ಎಂಸಿಗೆ ಗೊತ್ತೇ ಇರುವುದಿಲ್ಲ. ಅಂಥ ಕಡೆ ಆ ಬಿಂದು ಬಿಟ್ಟು ಮುಂದಿನದಕ್ಕೆ ಜೋಡಿಸಿ, ಸಾಕು.

ಇಂಧನ: ಇಲ್ಲಿ ಅವಸರ ಬೇಡ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಸಿಮ್‌ಬ್ರೀಫ್ ಕೊಡುವ ಒಟ್ಟು ಇಂಧನದ ಅಂಕಿಯನ್ನು ಹಾಗೇ ಟ್ಯಾಂಕಿಗೆ ಹಾಕಿ ಹೊರಡುವುದು ಸುಲಭ. ಅದು ಏನೇನು ಸೇರಿ ಆದ ಮೊತ್ತ ಅಂತ ತಿಳಿದಿರಬೇಕು. ಪ್ರಯಾಣಿಕರು, ಸಾಮಾನು ಎಲ್ಲ ಸೇರಿ, ಇಂಧನ ಬಿಟ್ಟು, ನಮ್ಮ 777 210 ಟನ್ ತೂಗುತ್ತದೆ ಅಂದುಕೊಳ್ಳಿ. ಲೆಕ್ಕ ಹೀಗೆ ಇರುತ್ತದೆ:

ಪ್ರಯಾಣಕ್ಕೆ 76 ಟನ್
ಅದರ ಶೇಕಡಾ 5, ಅಂದಾಜು ತಪ್ಪಿದರೆ ಅಂತ, 3.8 ಟನ್
ಹೀಥ್ರೂ ಸಿಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು 4 ಟನ್
ಕೊನೆಯ ಮೀಸಲು, ಅರ್ಧ ಗಂಟೆ ಸುತ್ತಲು, 3.2 ಟನ್
ನೆಲದ ಮೇಲೆ ಓಡಾಡಲು 0.7 ಟನ್

ಒಟ್ಟು 87.7 ಟನ್. ಸರಿಯಾಗೇ ಇದೆ ಅನ್ನಿಸುತ್ತದೆ. ಈಗ ಗಾಳಿಯನ್ನು ನೋಡಿ.

ಮೇಲೆ, 30ರಿಂದ 40 ಸಾವಿರ ಅಡಿಯಲ್ಲಿ, ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ದಾಟುವುದು ಮಾಮೂಲು. ಲಂಡನ್‌ಗೆ ಹೋಗುವಾಗ ನಾವು ಅದಕ್ಕೆ ಎದುರಾಗಿ ಹೋಗುತ್ತೇವೆ. ವಿಮಾನದ ವೇಗ 480 ನಾಟ್ ಅಂತಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 30 ನಾಟ್ ಎದುರುಗಾಳಿ ಇದ್ದರೆ 4,700 ಮೈಲಿಗೆ 10 ಗಂಟೆ 27 ನಿಮಿಷ. ಅದೇ ಗಾಳಿ 60 ನಾಟ್ ಆದರೆ 11 ಗಂಟೆ 11 ನಿಮಿಷ. ಮುಕ್ಕಾಲು ಗಂಟೆ ಜಾಸ್ತಿ. ಗಂಟೆಗೆ ಏಳೂ ಕಾಲು ಟನ್‌ನಂತೆ ಸುಮಾರು ಐದೂವರೆ ಟನ್ ಇಂಧನ ಜಾಸ್ತಿ. ನಿಮ್ಮ ಹತ್ತಿರ "ಅಂದಾಜು ತಪ್ಪಿದರೆ" ಅಂತ ಇರುವುದು 3.8 ಟನ್ ಮಾತ್ರ, ಅಲ್ವಾ?

ಸಿಮ್‌ಬ್ರೀಫ್ ಮುನ್ಸೂಚನೆಯ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಯೋಜನೆ ಮಾಡುತ್ತದೆ. ತೊಂದರೆ ಬರುವುದು ಬೆಳಗ್ಗೆ ಯೋಜನೆ ಮಾಡಿ ರಾತ್ರಿ ಹೊರಟಾಗ, ಅಥವಾ ಸಿಮ್‌ನ ಲೈವ್ ಹವಾಮಾನ ಬೇರೆ ಕಡೆಯ ಮುನ್ಸೂಚನೆ ಬಳಸಿದಾಗ. ಹಾಗಾಗಿ ಹೊರಡುವ ಒಂದು ಗಂಟೆಯೊಳಗೆ ಯೋಜನೆ ಮಾಡಿ. ಮೊದಲ ಸಲಕ್ಕೆ 3 ಟನ್ ಜಾಸ್ತಿ ಹಾಕಿಕೊಳ್ಳಿ. ಒಟ್ಟು 90.7 ಟನ್. ಟೇಕಾಫ್ ಹೊತ್ತಿಗೆ 90 ಟನ್ ಉಳಿದಿರುತ್ತದೆ, ವಿಮಾನದ ತೂಕ 300 ಟನ್ ಆಗುತ್ತದೆ. 777-300ಇಆರ್ ಗರಿಷ್ಠ 351.5 ಟನ್‌ವರೆಗೆ ಏರಬಲ್ಲದು, ಇಳಿಯುವಾಗ 251.3 ಟನ್ ಮೀರಬಾರದು. ನಾವು 224 ಟನ್‌ಗೆ ಇಳಿಯುತ್ತೇವೆ. ಎಲ್ಲ ಸರಿ.

ಹಾಗಂತ ಟ್ಯಾಂಕ್ ತುಂಬಿಸಿಬಿಡೋಣ ಅನ್ನಬೇಡಿ. ಹೆಚ್ಚು ಹಾಕಿದ ಇಂಧನವನ್ನು ಹೊರಲು ಇನ್ನಷ್ಟು ಇಂಧನ ಉರಿಯುತ್ತದೆ, ಮೇಲಕ್ಕೆ ಏರುವುದೂ ತಡವಾಗುತ್ತದೆ.

ಕೊನೆಯದಾಗಿ, ಕಿಲೋ ಮತ್ತು ಪೌಂಡ್. ಸಿಮ್‌ಬ್ರೀಫ್, ವಿಮಾನ, ಕಾಕ್‌ಪಿಟ್‌ನೊಳಗೆ ಇಂಧನ ತುಂಬಲು ಬಳಸುವ ಟ್ಯಾಬ್ಲೆಟ್ ಮೂರೂ ಒಂದೇ ಅಳತೆಯಲ್ಲಿ ಇವೆಯಾ ನೋಡಿ. 1983ರ ಜುಲೈ 23ರಂದು ಏರ್ ಕೆನಡಾದ ಒಂದು 767ರಲ್ಲಿ ಈ ಎರಡು ಅಳತೆ ಅದಲುಬದಲಾಗಿ, 41,000 ಅಡಿ ಮೇಲೆ ಇಂಧನ ಮುಗಿದೇ ಹೋಯಿತು. ಪೈಲಟ್‌ಗಳು ಎಂಜಿನ್ ಇಲ್ಲದೆ ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ನಿಮ್ಮ ಸಿಮ್‌ನಲ್ಲಿ ಗಿಮ್ಲಿ ಹತ್ತಿರದಲ್ಲಿ ಇರಲಿಕ್ಕಿಲ್ಲ.

ಕಂಪ್ಯೂಟರ್, ಕರೆಂಟು, ಬೆಕ್ಕು

ದೂರದ ಹಾರಾಟಗಳು ಅರ್ಧಕ್ಕೆ ನಿಲ್ಲುವುದು ಎಂಜಿನ್ ಕೆಟ್ಟು ಅಲ್ಲ, ವಿಂಡೋಸ್ ಅಪ್‌ಡೇಟ್‌ನಿಂದ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್‌ಗಳನ್ನು ಒಂದು ವಾರ ನಿಲ್ಲಿಸಿ. ಸ್ಲೀಪ್ ಮೋಡ್ ತೆಗೆಯಿರಿ. ಪರದೆ ಆರಿದರೆ ಪರವಾಗಿಲ್ಲ, ಕಂಪ್ಯೂಟರ್ ಮಲಗಬಾರದು.

ಕರೆಂಟಿನ ವಿಷಯ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಗೇಮಿಂಗ್ ಕಂಪ್ಯೂಟರಿಗೆ ಸಾಲದು. ಗ್ರಾಫಿಕ್ಸ್ ಕಾರ್ಡ್ ಜೋರಾಗಿ ಓಡುವಾಗ ಕಂಪ್ಯೂಟರ್ 400 ವ್ಯಾಟ್ ಎಳೆದರೆ ಆ ಯುಪಿಎಸ್ ಕೀರಲು ಹೊಡೆದು ಆಫ್ ಆಗುತ್ತದೆ. ಒಂದು ಕೆವಿಎ ಅಥವಾ ಅದಕ್ಕಿಂತ ದೊಡ್ಡದು ಬೇಕು. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಅದನ್ನು ಹಾಕದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ವೈಫೈ ರೌಟರ್‌ಗೂ ಬ್ಯಾಕಪ್ ಇರಲಿ. ಇಂಟರ್‌ನೆಟ್ ಹೋದರೆ ವಿಮಾನ ಬೀಳುವುದಿಲ್ಲ. ಆದರೆ ಲೈವ್ ಹವಾಮಾನ ಕೈಕೊಟ್ಟರೆ ಗಾಳಿ ಒಮ್ಮೆಗೇ ಬದಲಾಗಿ ವೇಗ ಏರುಪೇರಾಗಬಹುದು.

ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಪರದೆ ತೋರಿಸುವ ಚಿತ್ರಗಳ ಸಂಖ್ಯೆಯನ್ನು, 30ಕ್ಕೆ ಕಟ್ಟಿಹಾಕಿ. ಮೋಡದ ಮೇಲೆ ಹತ್ತು ಗಂಟೆ ಸೀದಾ ಹೋಗುವಾಗ 60 ಯಾಕೆ ಬೇಕು? ಶಾಖ ಕಡಿಮೆ, ಫ್ಯಾನಿನ ಸದ್ದು ಕಡಿಮೆ, ಕರೆಂಟ್ ಬಿಲ್ಲೂ ಕಡಿಮೆ. ಕಟ್ಟಿಹಾಕದೆ 400 ವ್ಯಾಟ್‌ನಲ್ಲಿ ಹತ್ತೂವರೆ ಗಂಟೆ ಓಡಿಸಿದರೆ ನಾಲ್ಕು ಯೂನಿಟ್ ದಾಟುತ್ತದೆ.

ಜಾಯ್‌ಸ್ಟಿಕ್ ಹಳೆಯದಾಗಿದ್ದರೆ ಮುಟ್ಟದೇ ಇದ್ದರೂ ಅದರ ಅಂಕಿ ಅಲುಗಾಡುತ್ತಿರುತ್ತದೆ. ವಿಮಾನ ಅದನ್ನು ಪೈಲಟ್ ಕೈ ಹಾಕಿದ್ದು ಅಂದುಕೊಂಡು ಆಟೊಪೈಲಟ್ ಬಿಟ್ಟುಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಡೆಡ್ ಝೋನ್, ಅಂದರೆ ಸಿಮ್ ಲೆಕ್ಕಕ್ಕೆ ತೆಗೆದುಕೊಳ್ಳದ ಸಣ್ಣ ಅಲುಗಾಟದ ಮಿತಿ, ಸ್ವಲ್ಪ ಹೆಚ್ಚಿಸಿ. ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಜೆಡ್ ಕೀ ಒತ್ತಿದರೆ ಆಟೊಪೈಲಟ್ ಆಫ್ ಆಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳೋ ಬೆಕ್ಕೋ ಇದ್ದರೆ ಆ ಕೀಲಿಯ ಕೆಲಸವನ್ನು ಮೊದಲೇ ತೆಗೆದುಹಾಕಿ.

ಯಾವ ಹೊತ್ತಿಗೆ ಹೊರಡುವುದು

ಎರಡು ದಾರಿ ಇವೆ. ಶನಿವಾರ ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಐದೂವರೆಗೆ ಲಂಡನ್. ಅಲ್ಲಿ ಆಗ ಮಧ್ಯಾಹ್ನ. ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಹೋಗುವುದರಿಂದ ದಾರಿಯುದ್ದಕ್ಕೂ ಬೆಳಕು, ಒಮಾನ್‌ನ ಬೆಟ್ಟ, ಟರ್ಕಿಯ ಹಿಮ ಎಲ್ಲ ಕಾಣುತ್ತದೆ. ಮೊದಲ ಸಲಕ್ಕೆ ಇದೇ ಸರಿ.

ಇನ್ನೊಂದು, ರಾತ್ರಿ ಒಂದು ಗಂಟೆಗೆ ಹೊರಟು, ಮೇಲೆ ಏರಿದ ಮೇಲೆ ಮಲಗಿ, ಬೆಳಗ್ಗೆ ಎದ್ದು ಇಳಿಸುವುದು. ಚಳಿಗಾಲದಲ್ಲಾದರೆ ಲಂಡನ್‌ನಲ್ಲಿ ಆಗ ಬೆಳಗಿನ ಆರು ಗಂಟೆ ಆಸುಪಾಸು. ಇದಕ್ಕೆ ಸ್ವಲ್ಪ ಪಳಗಿರಬೇಕು. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕಾಕ್‌ಪಿಟ್ ತಯಾರಿ

ವಿಮಾನವನ್ನು ಆರಿದ ಸ್ಥಿತಿಯಿಂದಲೇ ಶುರು ಮಾಡಿ. ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಎಫ್‌ಎಂಸಿಯಲ್ಲಿ ಪೊಸಿಷನ್, ರೂಟ್, ಪರ್ಫಾರ್ಮೆನ್ಸ್, ಥ್ರಸ್ಟ್, ಟೇಕಾಫ್ ಅಂತ ಪುಟಗಳು ಕ್ರಮವಾಗಿ ಬರುತ್ತವೆ, ಸಿಮ್‌ಬ್ರೀಫ್ ಹಾಳೆ ನೋಡಿಕೊಂಡು ತುಂಬಿ. ಗಾಳಿಯ ಅಂಕಿಗಳನ್ನೂ ಇಳಿಸಿಕೊಳ್ಳಿ. ಇಲ್ಲದಿದ್ದರೆ ಎಫ್‌ಎಂಸಿ ಹೇಳುವ "ತಲುಪಿದಾಗ ಇಷ್ಟು ಉಳಿಯುತ್ತೆ" ಅನ್ನುವ ಮಾತಿಗೆ ಬೆಲೆ ಇಲ್ಲ.

ಆಮೇಲೆ ಒಂದು ಕೆಲಸ, ಇದನ್ನು ಬಿಡಲೇಬೇಡಿ. ಮುಂದಿನ ನಕ್ಷೆಯ ಪರದೆಯನ್ನು ಪ್ಲಾನ್ ಮೋಡ್‌ಗೆ ಹಾಕಿ, ಎಫ್‌ಎಂಸಿಯಲ್ಲಿ ಬಿಂದುಗಳನ್ನು ಸಾಲಾಗಿ ತೋರಿಸುವ ಲೆಗ್ಸ್ ಪುಟದಲ್ಲಿ ಸ್ಟೆಪ್ ಒತ್ತುತ್ತಾ ಬೆಂಗಳೂರಿನಿಂದ ಹೀಥ್ರೂವರೆಗೆ ಒಂದೊಂದೇ ಬಿಂದು ನೋಡುತ್ತಾ ಹೋಗಿ. ಎಲ್ಲಾದರೂ ಚೌಕದ ಗುರುತುಗಳ ಸಾಲು ಕಂಡರೆ ಅಲ್ಲಿ ದಾರಿ ಕಡಿದಿದೆ ಅಂತ ಅರ್ಥ. ರೂಟ್ ಡಿಸ್‌ಕಂಟಿನ್ಯುಯಿಟಿ ಅನ್ನುತ್ತಾರೆ. ವಿಮಾನ ಅಲ್ಲಿಗೆ ಬಂದಾಗ ತಿರುಗುವುದಿಲ್ಲ, ಇದ್ದ ದಿಕ್ಕಿನಲ್ಲೇ ಹೋಗುತ್ತಿರುತ್ತದೆ. ನೀವು ಊಟಕ್ಕೆ ಎದ್ದು ಹೋಗಿದ್ದರೆ, ಬರುವ ಹೊತ್ತಿಗೆ ಟರ್ಕಿ ಬದಲು ಬೇರೆಲ್ಲೋ ಇರುತ್ತೀರಿ. ಕೆಳಗಿನ ಬಿಂದುವನ್ನು ಎತ್ತಿ ಆ ಚೌಕಗಳ ಮೇಲೆ ಇಟ್ಟರೆ ದಾರಿ ಕೂಡುತ್ತದೆ. ಲೆಗ್ಸ್ ಪುಟದ ಒಟ್ಟು ದೂರ ಸಿಮ್‌ಬ್ರೀಫ್ ದೂರಕ್ಕೆ ಹತ್ತಿರ ಇದೆಯಾ ಅಂತಲೂ ನೋಡಿ. ಒಂದೇ ಹೆಸರಿನ ಬಿಂದುಗಳು ಜಗತ್ತಿನಲ್ಲಿ ಎರಡು ಮೂರು ಕಡೆ ಇರುತ್ತವೆ. ತಪ್ಪಾದದ್ದನ್ನು ಆರಿಸಿದ್ದರೆ ದೂರ ಸಾವಿರಾರು ಮೈಲಿ ಜಾಸ್ತಿ ತೋರಿಸಿ ತಾನೇ ಸಿಕ್ಕಿಬೀಳುತ್ತದೆ.

ಏರುವುದು

ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಹಾಗಾಗಿ 300 ಟನ್ ವಿಮಾನ ನೆಲ ಬಿಡಲು ಚೆನ್ನೈ, ಮುಂಬೈಗಿಂತ ಜಾಸ್ತಿ ಓಡುತ್ತದೆ. ಗಾಬರಿ ಬೇಡ, ಎರಡೂ ರನ್‌ವೇ 4,000 ಮೀಟರ್ ಇವೆ. ಲೆಕ್ಕ ಹಾಕಿದ ವೇಗ ಬರುವವರೆಗೆ ಮೂಗು ಎತ್ತಬೇಡಿ.

ತುಂಬಿದ ಲಾರಿ ಘಾಟಿ ಹತ್ತುವ ಹಾಗೆ ಭಾರದ ವಿಮಾನ ನಿಧಾನಕ್ಕೇ ಏರುತ್ತದೆ. ಅವಸರಪಟ್ಟು ಒಮ್ಮೆಗೇ 38,000 ಅಡಿಗೆ ಎಳೆಯಬೇಡಿ. ಪಶ್ಚಿಮಕ್ಕೆ ಹೋಗುವವರಿಗೆ ಸಮಸಂಖ್ಯೆಯ ಮಟ್ಟ: 320, 340, 360, 380. ಪೂರ್ವಕ್ಕೆ ಬರುವವರಿಗೆ ಬೆಸ. 320 ಅಂದರೆ 32,000 ಅಡಿ. ಮೊದಲು 320 ಅಥವಾ 340ರಲ್ಲಿ ನಿಲ್ಲಿ.

ಕ್ರೂಸ್: ಪೆನ್ನು, ಪುಸ್ತಕ

ಈಗ ವಿಮಾನ ನೇರವಾಯಿತು. ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಗಂಟೆಗೊಮ್ಮೆ, ಇಲ್ಲವೇ ದೊಡ್ಡ ಬಿಂದು ದಾಟಿದಾಗಲೆಲ್ಲ, ನಾಲ್ಕು ಸಂಗತಿ ಬರೆಯಿರಿ: ಯುಟಿಸಿ ಸಮಯ, ಎಲ್ಲಿ ಎಷ್ಟು ಎತ್ತರದಲ್ಲಿದ್ದೀರಿ, ಯೋಜನೆಯ ಪ್ರಕಾರ ಉಳಿದಿರಬೇಕಾದ ಇಂಧನ, ನಿಜವಾಗಿ ಉಳಿದದ್ದು. ಯೋಜನೆಯ ಅಂಕಿ ಸಿಮ್‌ಬ್ರೀಫ್ ಹಾಳೆಯಲ್ಲಿ ಪ್ರತಿ ಬಿಂದುವಿನ ಮುಂದೆ ಇರುತ್ತದೆ.

ಒಂದು ಉದಾಹರಣೆ ನೋಡಿ. ಮಸ್ಕತ್ ಹತ್ತಿರ 63.0 ಟನ್ ಇರಬೇಕಿತ್ತು, ಇರುವುದು 62.1. ಒಂಬತ್ತು ನೂರು ಕಿಲೋ ಕಡಿಮೆ. ಟರ್ಕಿ ಮೇಲೆ 37.5 ಇರಬೇಕಿತ್ತು, ಇರುವುದು 36.4. ಈಗ ಕೊರತೆ 1.1 ಟನ್. ಹೆಚ್ಚೇನೂ ಬೆಳೆದಿಲ್ಲ. ಅಂದರೆ ನಷ್ಟ ಆದದ್ದು ಶುರುವಿನಲ್ಲಿ, ಟ್ಯಾಕ್ಸಿ ಮಾಡುವಾಗಲೋ ಏರುವಾಗಲೋ. ಆಗಿದ್ದು ಆಯಿತು, ಮುಂದೆ ತೊಂದರೆಯಿಲ್ಲ.

ಅದೇ ಟರ್ಕಿ ಮೇಲೆ ಕೊರತೆ 2.2 ಟನ್ ಆಗಿದ್ದರೆ ಕಥೆ ಬೇರೆ. ಏನೋ ಒಂದು ನಿರಂತರವಾಗಿ ತಿನ್ನುತ್ತಿದೆ. ಎದುರುಗಾಳಿ ಅಂದಾಜಿಗಿಂತ ಜೋರಿರಬಹುದು, ನೀವು ಬೇಗ ಹೋಗುತ್ತಿರಬಹುದು, ಇಲ್ಲವೇ ಮೇಲಕ್ಕೆ ಏರಬೇಕಾದ ಕಡೆ ಏರದೆ ಕೆಳಗೇ ಉಳಿದಿರಬಹುದು. ಹೀಗೆ ಕೊರತೆಯ ಅಂಕಿಗಿಂತ ಅದು ಬೆಳೆಯುತ್ತಿದೆಯಾ ಅನ್ನುವುದು ಮುಖ್ಯ. ಬೆಳೆಯುತ್ತಿದ್ದರೆ ಕಾಸ್ಟ್ ಇಂಡೆಕ್ಸ್ (ಸಮಯ ಮುಖ್ಯವೋ ಇಂಧನ ಮುಖ್ಯವೋ ಅಂತ ಎಫ್‌ಎಂಸಿಗೆ ಹೇಳುವ ಅಂಕಿ) ಇಳಿಸಿ ವೇಗ ಸ್ವಲ್ಪ ತಗ್ಗಿಸಿ, ಸಾಧ್ಯವಿದ್ದರೆ ಮೇಲೆ ಏರಿ. ಹೀಥ್ರೂ ತಲುಪುವಾಗ ಬೇರೆ ನಿಲ್ದಾಣದ 4 ಟನ್ ಮತ್ತು ಕೊನೆಯ 3.2 ಟನ್ ಸೇರಿ 7.2 ಟನ್ ಕೂಡ ಉಳಿಯುವುದಿಲ್ಲ ಅಂತ ಎಫ್‌ಎಂಸಿ ತೋರಿಸಿದರೆ, ಹಟ ಮಾಡದೆ ವಿಯೆನ್ನಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಇಳಿಸಿ. ನಿಜವಾದ ಪೈಲಟ್‌ಗಳೂ ಅದನ್ನೇ ಮಾಡುತ್ತಾರೆ.

ಈ ಪುಸ್ತಕದಿಂದ ಇನ್ನೊಂದು ಉಪಯೋಗ ಇದೆ. ಸಿಮ್ ಕ್ರ್ಯಾಶ್ ಆದರೆ, ಕೊನೆಯ ಸಾಲಿನಲ್ಲಿ ಬರೆದ ಜಾಗ, ಎತ್ತರ, ಇಂಧನ ಹಾಕಿ ಆಕಾಶದಿಂದಲೇ ಮತ್ತೆ ಶುರು ಮಾಡಬಹುದು. ಆಟೊಸೇವ್ ಮಾಡುವ ತಂತ್ರಾಂಶಗಳು ಇವೆ, ಆದರೆ ದುಬಾರಿ ವಿಮಾನಗಳು ಸೇವ್ ಫೈಲಿನಿಂದ ಪ್ರತಿಸಲವೂ ಸರಿಯಾಗಿ ಎದ್ದು ಬರುವುದಿಲ್ಲ.

ಮೇಲೇರುವ ವಿಷಯ. ಇಂಧನ ಉರಿದು ವಿಮಾನ ಹಗುರಾದ ಹಾಗೆ ಇನ್ನೂ ತೆಳು ಗಾಳಿಯಲ್ಲಿ ಹೋಗುವುದು ಲಾಭ. ಎಫ್‌ಎಂಸಿಯ ಕ್ರೂಸ್ ಪುಟ ಸೂಕ್ತ ಎತ್ತರವನ್ನು ತೋರಿಸುತ್ತಿರುತ್ತದೆ. ಅದು ನಿಮ್ಮ ಮಟ್ಟಕ್ಕಿಂತ ಎರಡು ಸಾವಿರ ಅಡಿ ಮೇಲೆ ಹೋದಾಗ ಏರಿ. 777 ತಾನಾಗೇ ಏರುವುದಿಲ್ಲ. ಮುಂಗಾಜಿನ ಕೆಳಗಿನ ಎಂಸಿಪಿ ಪ್ಯಾನೆಲ್‌ನಲ್ಲಿ ಹೊಸ ಎತ್ತರ ಹಾಕಿ ಗುಂಡಿ ಒತ್ತಬೇಕು.

ಇನ್ನು ನಿದ್ದೆ. ಹತ್ತು ಗಂಟೆ ಕದಲದೆ ಕೂರುವುದು ಬೇಡವೇ ಬೇಡ. ಲಿಟಲ್ ನ್ಯಾವ್‌ಮ್ಯಾಪ್ ಅನ್ನುವ ಉಚಿತ ನಕ್ಷೆ ತಂತ್ರಾಂಶದಲ್ಲಿ ವೆಬ್ ಸರ್ವರ್ ಇದೆ. ಅದನ್ನು ಆನ್ ಮಾಡಿದರೆ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲೇ ವಿಮಾನ ಎಲ್ಲಿದೆ ಅಂತ ನೋಡಬಹುದು. ರಾತ್ರಿ ಮಲಗುವವರು ವಿಮಾನದ ಟ್ಯಾಬ್ಲೆಟ್‌ನಲ್ಲಿ "ಇಳಿಯಲು ಶುರುಮಾಡುವ ಜಾಗದಲ್ಲಿ ನಿಲ್ಲಿಸು" ಅನ್ನುವ ಆಯ್ಕೆ ಇದೆಯಾ ನೋಡಿ. ಪಿಎಂಡಿಜಿ, ಫ್ಲೈಬೈವೈರ್ ವಿಮಾನಗಳಲ್ಲಿ ಇದೆ. ಅದು ಇಲ್ಲದಿದ್ದರೆ ಏನಾಗುತ್ತದೆ? ಎಂಸಿಪಿಯಲ್ಲಿ ಕೆಳಗಿನ ಎತ್ತರ ಹಾಕದ ಹೊರತು ವಿಮಾನ ಇಳಿಯುವುದಿಲ್ಲ. ಲಂಡನ್ ಮೇಲೆ 38,000 ಅಡಿಯಲ್ಲಿ ಹಾದು ಮುಂದಕ್ಕೆ ಹೋಗುತ್ತಿರುತ್ತದೆ, ಇಂಧನ ಇರುವವರೆಗೆ. ಹೀಗೆ ನಿಲ್ಲಿಸುವುದನ್ನು ಮೋಸ ಅನ್ನುವವರು ಇದ್ದಾರೆ. ನಿಜವಾದ ವಿಮಾನದಲ್ಲಿ ಪೈಲಟ್ ಮಲಗಲು ಹೋದಾಗ ಕೂರಲು ಇನ್ನೊಬ್ಬರು ಇರುತ್ತಾರೆ. ನಮಗೆ ಯಾರಿದ್ದಾರೆ?

ಸಮಯವನ್ನು ನಾಲ್ಕು ಪಟ್ಟು ಓಡಿಸುವ ಆಯ್ಕೆ ಬಗ್ಗೆ ಮಾತ್ರ ನನಗೆ ಒಲವಿಲ್ಲ. ತಿರುವುಗಳಲ್ಲಿ ಆಟೊಪೈಲಟ್ ತೂಗಾಡುತ್ತದೆ, ಲೈವ್ ಹವಾಮಾನ ಹಿಂದೆ ಉಳಿಯುತ್ತದೆ, ನಿಮ್ಮ ಇಂಧನದ ಪುಸ್ತಕಕ್ಕೆ ಅರ್ಥ ಉಳಿಯುವುದಿಲ್ಲ. ಬಳಸಲೇಬೇಕಿದ್ದರೆ ನೇರ ದಾರಿಯಲ್ಲಿ ಎರಡು ಪಟ್ಟು, ಅಷ್ಟೇ.

ವ್ಯಾಟ್‌ಸಿಮ್‌ನಲ್ಲಿ ಹಾರುವವರಿಗೆ

ನಿಜವಾದ ಮನುಷ್ಯರೇ ಏರ್ ಟ್ರಾಫಿಕ್ ಕಂಟ್ರೋಲ್ ಮಾಡುವ ಉಚಿತ ಜಾಲ ಅದು. ಅಲ್ಲಿ 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಸೀಟು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಸಂಪರ್ಕದಲ್ಲಿರಿ, ಸಮುದ್ರದ ಮೇಲೆ ಬಿಡಿ, ಯುರೋಪ್ ಬಂದಾಗ ಮತ್ತೆ ಸೇರಿ. ಮೊದಲ ದೂರದ ಹಾರಾಟವನ್ನೇ ಅಲ್ಲಿ ಮಾಡುವುದು ಬೇಡ ಅನ್ನುವುದು ನನ್ನ ಸಲಹೆ. ಹೀಥ್ರೂ ಕಂಟ್ರೋಲರ್ ಬೇಗ ಬೇಗ ಮಾತಾಡುತ್ತಾರೆ, ನೀವು ಆಗ ಹತ್ತು ಗಂಟೆ ದಣಿದಿರುತ್ತೀರಿ.

ಇಳಿಯುವುದು

ಇಳಿಕೆ ಶುರುವಾಗುವ ಮುಕ್ಕಾಲು ಗಂಟೆ ಮೊದಲೇ ಕುರ್ಚಿಗೆ ಬನ್ನಿ. ಮುಖ ತೊಳೆದು, ಕಾಫಿ ಕುಡಿದು. ನಿದ್ದೆಗಣ್ಣಲ್ಲಿ ಎದ್ದು, ನಿಲ್ಲಿಸಿದ್ದ ಸಿಮ್ಮನ್ನು ಪಾಝ್ ಕೀಲಿ ಒತ್ತಿ ಮತ್ತೆ ಓಡಿಸಿ ಸೀದಾ ಇಳಿಸಲು ಹೋದವರ ಲ್ಯಾಂಡಿಂಗ್ ನೋಡುವ ಹಾಗಿರುವುದಿಲ್ಲ.

ಹೀಥ್ರೂ ಹವಾಮಾನ ನೋಡಿ ರನ್‌ವೇ ತೀರ್ಮಾನಿಸಿ. ಪಶ್ಚಿಮದ ಗಾಳಿ ಇದ್ದರೆ 27 ಎಲ್ (ಎಡದ್ದು) ಅಥವಾ 27 ಆರ್ (ಬಲದ್ದು). ಸುತ್ತಲಿನ ಊರಿನವರಿಗೆ ಸದ್ದಿನಿಂದ ಅರ್ಧ ದಿನವಾದರೂ ಬಿಡುವು ಸಿಗಲಿ ಅಂತ ಈ ಎರಡನ್ನು ಮಧ್ಯಾಹ್ನ ಮೂರಕ್ಕೆ ಅದಲುಬದಲು ಮಾಡುತ್ತಾರೆ. ಚಾರ್ಟ್‌ಗಳಿಗೆ ದುಡ್ಡು ಕೊಡಬೇಕಾಗಿಲ್ಲ. ಬ್ರಿಟನ್ನಿನದೂ ಭಾರತದ್ದೂ ಅಧಿಕೃತ ಎಐಪಿ (ಚಾರ್ಟ್‌ಗಳೆಲ್ಲ ಇರುವ ಸರ್ಕಾರಿ ವಿಮಾನಯಾನ ಮಾಹಿತಿ ಪುಸ್ತಕ) ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಎಫ್‌ಎಂಸಿಯಲ್ಲಿ ಬರುವ ದಾರಿ ಹಾಕಿದ ಮೇಲೆ ಲೆಗ್ಸ್ ಪುಟವನ್ನು ಮತ್ತೊಮ್ಮೆ ನೋಡಿ. ರನ್‌ವೇ ಬದಲಿಸಿದಾಗ ದಾರಿ ಕಡಿಯುವುದು ಜಾಸ್ತಿ. ಎಲ್ಲಿಂದ ಇಳಿಯಬೇಕು ಅನ್ನುವುದಕ್ಕೆ ಬಾಯಿಲೆಕ್ಕ ಇಟ್ಟುಕೊಳ್ಳಿ: ಕಳೆದುಕೊಳ್ಳಬೇಕಾದ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 38 ಸಾವಿರಕ್ಕೆ 114 ಮೈಲಿ. ವೇಗ ತಗ್ಗಿಸಲು ಇನ್ನೊಂದು ಹತ್ತು ಸೇರಿಸಿ. ಎಫ್‌ಎಂಸಿ ಇದಕ್ಕಿಂತ ತೀರಾ ಬೇರೆ ಹೇಳಿದರೆ ಎಲ್ಲೋ ತಪ್ಪಿದೆ. ಎಂಸಿಪಿಯಲ್ಲಿ ಕೆಳಗಿನ ಎತ್ತರ ಹಾಕುವುದನ್ನು ಮರೆಯಬೇಡಿ.

ಹತ್ತು ಸಾವಿರ ಅಡಿಗೆ ಮೊದಲು 250 ನಾಟ್‌ಗೆ ಬನ್ನಿ. ಅಂತಿಮ ದಾರಿಯಲ್ಲಿ ಹೀಥ್ರೂನವರು ಸಾಮಾನ್ಯವಾಗಿ ರನ್‌ವೇಗೆ ನಾಲ್ಕು ಮೈಲಿ ಇರುವವರೆಗೆ 160 ನಾಟ್ ಹಿಡಿಯಲು ಹೇಳುತ್ತಾರೆ. ಬೆಂಗಳೂರಿನಲ್ಲಿ 300 ಟನ್ ಇದ್ದ ವಿಮಾನ ಈಗ 224 ಟನ್. ಕೈಗೆ ಬೇರೆಯೇ ವಿಮಾನ ಸಿಕ್ಕಂತೆ ಅನ್ನಿಸುತ್ತದೆ. ತೀರಾ ದಣಿದಿದ್ದರೆ ಆಟೊಲ್ಯಾಂಡ್ ಮಾಡಿ, ಮರ್ಯಾದೆಯೇನೂ ಹೋಗುವುದಿಲ್ಲ.

ಗೇಟಿಗೆ ಬಂದು ಎಂಜಿನ್ ಆರಿಸಿದ ಮೇಲೆ ಉಳಿದ ಇಂಧನ ಬರೆದುಕೊಳ್ಳಿ. ಯೋಜನೆಯ 14 ಟನ್ ಹತ್ತಿರ ಇದ್ದರೆ ನಿಮ್ಮ ವಿಮಾನದ ಸೆಟ್ಟಿಂಗ್ ಸರಿಯಾಗಿದೆ. ಪ್ರತಿಸಲವೂ ಒಂದೇ ಕಡೆಗೆ ತಪ್ಪುತ್ತಿದ್ದರೆ ಸಿಮ್‌ಬ್ರೀಫ್‌ನ ವಿಮಾನದ ಪ್ರೊಫೈಲ್‌ನಲ್ಲಿ ಫ್ಯುಯೆಲ್ ಫ್ಯಾಕ್ಟರ್ ಅಂತ ಇದೆ, ಅದನ್ನು ಒಂದೆರಡು ಶೇಕಡಾ ಮೇಲೆ ಕೆಳಗೆ ಮಾಡಿ.

ಲಂಡನ್ ಆದ ಮೇಲೆ

ಮುಂದಿನ ಗುರಿ ಬೇಕಿದ್ದರೆ ನಮ್ಮೂರಿನದೇ ಒಂದು ಇದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಮಹಿಳೆಯರೇ ಇದ್ದ ಕಾಕ್‌ಪಿಟ್ ತಂಡ ಏರ್ ಇಂಡಿಯಾದ 777-200ಎಲ್‌ಆರ್ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಲ್ಲಿ ಬೆಂಗಳೂರಿಗೆ ತಂದಿತು. ಸುಮಾರು 17 ಗಂಟೆ. ನೇರ ದೂರವೇ ಹತ್ತಿರ ಹತ್ತಿರ 14,000 ಕಿಲೋಮೀಟರ್.

ಇದಕ್ಕೆ ಮೇಲಿನದೆಲ್ಲದರ ಜೊತೆ ಎರಡು ಸಂಗತಿ ಸೇರುತ್ತವೆ. ಧ್ರುವದ ಹತ್ತಿರ ಅಯಸ್ಕಾಂತದ ದಿಕ್ಸೂಚಿ ನಂಬುವಂತಿಲ್ಲ, ಹಾಗಾಗಿ ಹೆಡಿಂಗ್ ರೆಫರೆನ್ಸ್ ಸ್ವಿಚ್ಚನ್ನು ಟ್ರೂ ಕಡೆ ಹಾಕಿಕೊಳ್ಳಬೇಕು, ಕೆಳಗೆ ಬಂದ ಮೇಲೆ ನಾರ್ಮಲ್‌ಗೆ ತರಬೇಕು. ಎರಡನೆಯದು ಇಂಧನದ ತಾಪಮಾನ. ಅಮೆರಿಕದಲ್ಲಿ ಸಿಗುವ ಜೆಟ್ ಎ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟತೊಡಗುತ್ತದೆ, ನಮ್ಮಲ್ಲಿನ ಜೆಟ್ ಎ-1 ಮೈನಸ್ 47ಕ್ಕೆ. ಹೊರಗೆ ಅದಕ್ಕಿಂತ ಎಷ್ಟೋ ಚಳಿ ಇರುತ್ತದೆ. ಟ್ಯಾಂಕಿನ ತಾಪಮಾನ ಆ ಮಿತಿಗಿಂತ ಮೂರು ಡಿಗ್ರಿ ಮೇಲೇ ಇರುವಂತೆ ನೋಡಿಕೊಳ್ಳಬೇಕು. ತಾಪಮಾನ ಇಳಿಯುತ್ತಾ ಬಂದರೆ ವಿಮಾನದ ವೇಗ ಸ್ವಲ್ಪ ಹೆಚ್ಚಿಸಬೇಕು, ಇಲ್ಲವೇ ಬೆಚ್ಚಗಿನ ಗಾಳಿ ಇರುವ ಕೆಳಗಿನ ಮಟ್ಟಕ್ಕೆ ಹೋಗಬೇಕು. ಎರಡಕ್ಕೂ ಇಂಧನ ಜಾಸ್ತಿ ಬೇಕು. ಅದನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಲೆಕ್ಕ ಹಾಕಿ ತುಂಬಿಕೊಳ್ಳಿ, ಮತ್ತು ನೋಟ್‌ಬುಕ್‌ನಲ್ಲಿ ತಾಪಮಾನಕ್ಕೆ ಅಂತ ಐದನೆಯ ಕಾಲಂ ಹಾಕಿಕೊಳ್ಳಿ.